ವಾರ್ಡಿನ ಜನಕ್ಕೆ ಏನೇನು ತಿಳಿಸಬೇಕು? ಪುರಸಭೆ ಸದಸ್ಯೆಯ ಪ್ರಶ್ನೆ

ಮೂರನೇ ಬೀದಿ ಮೆಂಬರ್

ಎಲ್ಲರಿಗೂ ನಮಸ್ಕಾರ. ನಾನು 23 ವಾರ್ಡಿನ ಒಂದು ಪುರಸಭೆಯಲ್ಲಿ ಸದಸ್ಯೆ. ಊರಿನ ಹೆಸರು, ಪಕ್ಷದ ಹೆಸರು ಬೇಡ. ಹಾಕಿದರೆ ಚರ್ಚೆ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಲ್ಲ.

ವಾರ್ಡಿನವರಿಗೆ ಅಂತ ಒಂದು ವಾಟ್ಸಾಪ್ ಗ್ರೂಪ್ ಇದೆ. ಚುನಾವಣೆ ಟೈಮಲ್ಲಿ ನಮ್ಮ ಹುಡುಗರು ಮಾಡಿದ್ದು. ಬೆಳಗಾದರೆ ಅದರಲ್ಲಿ ಶುಭೋದಯ, ದೇವರ ಫೋಟೋ, ಯಾವುದೋ ಮುಖಂಡರ ಹುಟ್ಟುಹಬ್ಬ, ಆಮೇಲೆ ನಾನು ಗುದ್ದಲಿ ಹಿಡಿದು ನಿಂತಿರುವ ಫೋಟೋ. ಮಧ್ಯೆ ಯಾರೋ ಒಬ್ಬರು "ಮೇಡಂ, ಇವತ್ತು ನೀರು ಬಿಡ್ತಾರಾ?" ಅಂತ ಕೇಳಿರುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಟ್ಟಿರುವುದಿಲ್ಲ. ಅದರ ಕೆಳಗೆ ಮತ್ತೆ ಹತ್ತು ಕೈಮುಗಿಯುವ ಚಿತ್ರ.

ಹೋದ ತಿಂಗಳು ನಾನೇ ಕೂತು ಒಂದು ಮೆಸೇಜ್ ಬರೆದೆ. ಚರಂಡಿ ಕೆಲಸ ಯಾಕೆ ನಿಂತಿದೆ ಅಂತ. ಟೆಂಡರ್‌ಗೆ ಯಾರೂ ಬರಲಿಲ್ಲ, ಮತ್ತೆ ಕರೆಯಬೇಕು, ಮಳೆಗಾಲದೊಳಗೆ ಮುಗಿಯುವುದು ಅನುಮಾನ. ಇಷ್ಟೇ. ಸಂಜೆಯೊಳಗೆ ಪಕ್ಷದ ಹಿರಿಯರೊಬ್ಬರ ಫೋನ್ ಬಂತು. "ಏನಮ್ಮಾ, ನಮ್ಮ ಕೆಲಸ ಆಗಿಲ್ಲ ಅಂತ ನೀನೇ ಡಂಗುರ ಹೊಡೀತೀಯಲ್ಲ" ಅಂದರು. ಆ ಬೀದಿಯವರು ಮಾತ್ರ ಬೈಯಲಿಲ್ಲ. "ಹಾಗಾದ್ರೆ ಈ ಸಲವೂ ಬಾಗಿಲಿಗೆ ಮರಳು ಮೂಟೆ ಇಟ್ಕೋತೀವಿ ಬಿಡಿ" ಅಂದರು.

ಆದಮೇಲೆ ಫೋಟೋ ಹಾಕುವುದಕ್ಕಿಂತ ಆಗುವುದಕ್ಕೆ ಮುಂಚೆ ಹೇಳಬೇಕು, ಆಗದಿದ್ದರೆ ಆಗಲಿಲ್ಲ ಅಂತಲೂ ಹೇಳಬೇಕು ಅನ್ನುವುದು ನನ್ನ ಅನಿಸಿಕೆ. ಆದರೆ ಹೇಗೆ, ಎಷ್ಟು ಅಂತ ಗೊತ್ತಾಗುತ್ತಿಲ್ಲ. ನಿಮ್ಮ ಮೆಂಬರಿಂದ ನಿಮಗೆ ಏನು ಗೊತ್ತಾಗಬೇಕು ಅಂತ ಹೇಳಿ.

ಇನ್ನೊಂದು ಮಾತು. ಗೆದ್ದದ್ದು ನಾನು, ಆದರೆ ಅರ್ಧ ಜನ ಈಗಲೂ ನಮ್ಮ ಯಜಮಾನರಿಗೇ ಫೋನ್ ಮಾಡುತ್ತಾರೆ. ಅದಕ್ಕೂ ಏನಾದರೂ ದಾರಿ ಇದ್ದರೆ ತಿಳಿಸಿ.

ಮೋರಿ ಪಕ್ಕದ ಮನೆ

ನೀರು. ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು. ಉಳಿದದ್ದೆಲ್ಲ ಆಮೇಲೆ.

ಸುಮ್ನೆ ನೋಡುವವ

ಮೇಡಂ, ಬೇಜಾರು ಮಾಡ್ಕೋಬೇಡಿ. ಇದೂ ಒಂದು ಪ್ರಚಾರವೇ ಅಲ್ವಾ? ಮೊದಲು ಫ್ಲೆಕ್ಸ್ ಇತ್ತು, ಈಗ ಗ್ರೂಪ್. ಕೆಲಸ ಮಾಡಿದರೆ ಜನಕ್ಕೆ ತಾನಾಗೇ ಗೊತ್ತಾಗುತ್ತೆ. ಮಾಡದಿದ್ದರೆ ಎಷ್ಟು ಮೆಸೇಜ್ ಹಾಕಿದರೂ ಅಷ್ಟೇ.

ಮೂರನೇ ಬೀದಿ ಮೆಂಬರ್

ಪ್ರಚಾರ ಅಂತಲೇ ಅಂದುಕೊಳ್ಳಿ ಸರ್, ತಪ್ಪಿಲ್ಲ. ನೀರಿನ ಟೈಮು ಸರಿಯಾಗಿ ತಿಳಿಸಿದ್ದಕ್ಕೆ ನಾಲ್ಕು ವೋಟು ಬಂದರೆ ಬರಲಿ.

ಆದರೆ ಕೆಲಸ ಮಾಡಿದರೆ ತಾನಾಗೇ ಗೊತ್ತಾಗುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗೊತ್ತಾಗುವುದು ಮುಗಿದ ಕೆಲಸ ಮಾತ್ರ. ರಸ್ತೆ ಅಗೆಯುವ ಹಿಂದಿನ ದಿನ ಹೇಳದೆ ಹೋದರೆ, ಬೆಳಿಗ್ಗೆ ಗಾಡಿ ಹೊರಗೆ ತೆಗೆಯಲಾಗದೆ ಒದ್ದಾಡುವವರಿಗೆ ಆ ಒಳ್ಳೇ ಕೆಲಸವೂ ಕೆಟ್ಟದ್ದೇ.

ನಿವೃತ್ತ ಗುಮಾಸ್ತ

ಅಮ್ಮಾ, ನಾನು ಪುರಸಭೆ, ನಗರಸಭೆ ಎರಡು ಕಡೆಯೂ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಜನಕ್ಕೆ ಮೊದಲು ಗೊತ್ತಾಗಬೇಕಾದದ್ದು ಸಾಮಾನ್ಯ ಸಭೆಯ ಅಜೆಂಡಾ. ಸಭೆಗೆ ಮುಂಚೆ ನೋಟಿಸ್ ಜೊತೆ ನಿಮ್ಮ ಕೈಗೆ ಬರುತ್ತದಲ್ಲ, ಅದೇ. ತುಂಬಾ ಸದಸ್ಯರು ಅದನ್ನು ಬಿಚ್ಚಿ ನೋಡುವುದು ಸಭಾಂಗಣದಲ್ಲಿ ಟೀ ಬಂದಾಗ. ಅದರಲ್ಲಿ ನಿಮ್ಮ ವಾರ್ಡಿಗೆ ತಗಲುವ ವಿಷಯ ಎರಡೋ ಮೂರೋ ಇರುತ್ತೆ. ಪುರಸಭೆ ಮಳಿಗೆ ಹರಾಜು, ಸಂತೆ ಸುಂಕದ ಗುತ್ತಿಗೆ, ಯಾವ ಬೀದಿಗೆ ಬೋರ್‌ವೆಲ್. ಅವನ್ನು ನಿಮ್ಮ ಮಾತಿನಲ್ಲಿ ಬರೆದು ಗ್ರೂಪಿಗೆ ಹಾಕಿ, "ನೀವೇನಂತೀರಿ" ಅಂತ ಕೇಳಿ. ಠರಾವು ಪಾಸಾದ ಮೇಲೆ ಕೇಳಿದರೆ ಏನು ಬಂತು? ನಡಾವಳಿ ಪುಸ್ತಕಕ್ಕೆ ಏರಿದ್ದನ್ನು ಇಳಿಸುವುದು ಎಷ್ಟು ಕಷ್ಟ ಅಂತ ನಾನು ಬಲ್ಲೆ, ಆ ಪುಸ್ತಕ ಬರೆದವನೇ ನಾನು.

ಆಮೇಲೆ ದುಡ್ಡು. ಪುರಸಭೆ ದುಡ್ಡೆಲ್ಲ ಒಂದೇ ಗಂಟು ಅಂತ ಜನ ಅಂದುಕೊಂಡಿರುತ್ತಾರೆ. ಕೇಂದ್ರದ ಹಣಕಾಸು ಆಯೋಗದ ಅನುದಾನ ಬೇರೆ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ ಬೇರೆ. ಊರುಗಳ ಅಭಿವೃದ್ಧಿಗೆ ರಾಜ್ಯ ಸರ್ಕಾರ ಕೊಡುವ ನಗರೋತ್ಥಾನ ಯೋಜನೆಯ ದುಡ್ಡು ಬೇರೆ. ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆಯಿಂದ ಬರುವ ಸ್ವಂತ ನಿಧಿ ಬೇರೆ. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಅದನ್ನು ತಂದು ಗುಡಿ ಮುಂದಿನ ರಸ್ತೆಗೆ ಹಾಕಿ ಅಂದರೆ ಆಗುವುದಿಲ್ಲ. ಒಂದು ಸಲ ಇದನ್ನು ಬಿಡಿಸಿ ಹೇಳಿ. "ಅವರ ಬೀದಿಗೆ ಬಂತು, ನಮಗ್ಯಾಕೆ ಇಲ್ಲ" ಅನ್ನುವ ಜಗಳ ಅರ್ಧ ಕಮ್ಮಿ ಆಗುತ್ತೆ.

ಟೆಂಡರ್ ವಿಷಯ ಹೇಳಿದ್ದಕ್ಕೆ ನಿಮ್ಮ ಹಿರಿಯರು ಗದರಿದರಲ್ಲ, ಅದರಲ್ಲಿ ಗುಟ್ಟೇನೂ ಇಲ್ಲ. ಕಾಮಗಾರಿ ಟೆಂಡರ್‌ಗಳು ಸರ್ಕಾರದ ಟೆಂಡರ್‌ಗಳ ಕೆಪಿಪಿಪಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇರುತ್ತವೆ. ಮಾಹಿತಿ ಹಕ್ಕು ಕಾಯ್ದೆ ಬಂದು, 2005ರಿಂದ ಲೆಕ್ಕ ಹಾಕಿ, ಎಷ್ಟು ವರ್ಷ ಆಯಿತು? ಅದರ 4ನೇ ಸೆಕ್ಷನ್ ಪ್ರಕಾರ ಯಾರೂ ಕೇಳದೆಯೇ ಕಚೇರಿಗಳು ಎಷ್ಟೋ ಮಾಹಿತಿ ಪ್ರಕಟಿಸಬೇಕು. 10 ರೂಪಾಯಿ ಕಟ್ಟಿ ಅರ್ಜಿ ಹಾಕಿ 30 ದಿನ ಕಾದರೆ ಹೇಗೂ ಸಿಗುವುದನ್ನು ನೀವು ಮುಂಚೆಯೇ ಹೇಳಿದಿರಿ, ಅಷ್ಟೇ.

ಹಾಕಬಾರದ್ದೂ ಇದೆ. ಮನೆ ಯೋಜನೆ ಫಲಾನುಭವಿಗಳ ಪಟ್ಟಿಯನ್ನು ಆಧಾರ್ ನಂಬರು, ಫೋನ್ ನಂಬರು ಸಮೇತ ಫೋಟೋ ಹೊಡೆದು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕಂದಾಯ ಬಾಕಿ ಇಟ್ಟವರ ಹೆಸರು ಹಾಕಿ ಮಾನ ಕಳೆಯುವುದೂ ಬೇಡ.

ಬೀದಿ ಟೀಚರ್

ಗುಮಾಸ್ತರೇ, ಕಂದಾಯ ಅಂದಿರಿ, ಅಲ್ಲೇ ಒಂದು ಸೇರಿಸಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ ಅಂತ ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತಾಗುವುದು ಮೇ ತಿಂಗಳಲ್ಲಿ. ಮಾರ್ಚ್ ಕೊನೇ ವಾರ ಮೆಂಬರು ಒಂದು ಸಾಲು ಹಾಕಿದರೆ ಸಾಕು.

ಖಾತೆ ವಿಷಯ ಇನ್ನೂ ಮುಖ್ಯ. 2025ರ ಫೆಬ್ರವರಿಯಲ್ಲಿ ಸರ್ಕಾರ ಊರೂರಲ್ಲಿ ಬಿ-ಖಾತೆ ಕೊಡುವ ಆಂದೋಲನ ಶುರು ಮಾಡಿತಲ್ಲ, ಅನಧಿಕೃತ ಬಡಾವಣೆಯ ಸೈಟುಗಳಿಗೆ. ಮೊದಲು ಮೂರು ತಿಂಗಳು ಅಂದರು, ಆಮೇಲೆ ಮುಂದೂಡಿದರು. ನಮ್ಮ ಏರಿಯಾದಲ್ಲಿ ಈ ಸುದ್ದಿ ಜನಕ್ಕೆ ತಲುಪಿದ್ದು ಬ್ರೋಕರ್ ಬಾಯಿಂದ. "ನಾಳೆಯೇ ಕೊನೇ ದಿನ, ಆಮೇಲೆ ನಿಮ್ಮ ಸೈಟು ಹೋಗುತ್ತೆ" ಅಂತ ಹೆದರಿಸಿ ದುಡ್ಡು ಕಿತ್ತರು. ಬೇಕಾಗಿದ್ದದ್ದು ಕ್ರಯಪತ್ರ, ಇಸಿ (ಋಣಭಾರ ಪತ್ರ), ಕಂದಾಯದ ರಸೀದಿ, ಮಾಲೀಕರ ಗುರುತಿನ ಚೀಟಿ, ಆಸ್ತಿಯ ಫೋಟೋ. ಇಷ್ಟನ್ನು ಒಂದು ಮೆಸೇಜಲ್ಲಿ ಹಾಕಿ "ನೇರವಾಗಿ ಕೌಂಟರಿಗೆ ಬನ್ನಿ, ಮಧ್ಯವರ್ತಿ ಬೇಡ" ಅಂತ ಹೇಳುವವರು ಒಬ್ಬರು ಬೇಕಿತ್ತು. ನಮ್ಮ ಮೆಂಬರು ಆ ವಾರ ಯಾವುದೋ ಕ್ರಿಕೆಟ್ ಟೂರ್ನಿ ಉದ್ಘಾಟನೆಯ ಫೋಟೋ ಹಾಕುತ್ತಿದ್ದರು.

ಸುಮ್ನೆ ನೋಡುವವ

ಅವರಿಗೂ ಬ್ರೋಕರ್‌ಗೂ ಸಂಬಂಧ ಇಲ್ಲ ಅಂತೀರಾ? ಮಾಹಿತಿ ಬಿಟ್ಟುಕೊಟ್ಟರೆ ಅವರ ಮನೆ ಮುಂದೆ ಬೆಳಿಗ್ಗೆ ಕ್ಯೂ ನಿಲ್ಲುವವರು ಯಾರು? ಕೈಮುಗಿದು ನಿಲ್ಲಲಿ ಅಂತಲೇ ಹೇಳುವುದಿಲ್ಲ.

ಬೀದಿ ಟೀಚರ್

ಬ್ರೋಕರ್ ವಿಷಯ ನಾನು ಕಂಡಿಲ್ಲ, ಹೇಳುವುದಿಲ್ಲ. ಕೈಮುಗಿಸಿಕೊಳ್ಳುವ ಮಾತು ಮಾತ್ರ ನಿಜ.

ಧಾರವಾಡದ ಹುಡುಗ

ನೀರಿನ ಮಾತು ಬಂತು, ಅದಕ್ಕೆ ಬರೀತೀನ್ರಿ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆ ನೀರು. ಆದರೆ ನಲ್ಲಿಗೆ ಬರುವುದು ಎಷ್ಟೋ ದಿನಕ್ಕೊಮ್ಮೆ. ಹಾಗಾಗಿ ನೀರು ಬರುವ ದಿನ ಮನೆಯಲ್ಲಿ ಒಬ್ಬರು ಕಾಯಲೇಬೇಕು. ಕೂಲಿ ಬಿಟ್ಟು ಕಾಯುವವರೂ ಇದ್ದರು.

2010-11ರ ಹೊತ್ತಿಗೆ ನೆಕ್ಸ್ಟ್‌ಡ್ರಾಪ್ ಅಂತ ಒಂದು ಸಂಸ್ಥೆ ಇಲ್ಲೇ ಶುರುವಾಯಿತು. ಅಮೆರಿಕದ ಬರ್ಕ್‌ಲಿ ಕಡೆಯ ವಿದ್ಯಾರ್ಥಿಗಳು ಮಾಡಿದ್ದು. ಐಡಿಯಾ ಸರಳ. ವಾಲ್ವ್‌ಮ್ಯಾನ್ ವಾಲ್ವ್ ತಿರುಗಿಸುವಾಗ ಫೋನ್ ಮಾಡಿ ತಿಳಿಸಬೇಕು, ಆ ಏರಿಯಾದ ಮನೆಗಳಿಗೆ ಎಸ್ಸೆಮ್ಮೆಸ್ ಹೋಗಬೇಕು. ಸ್ಮಾರ್ಟ್‌ಫೋನೂ ಬೇಡ.

ಆಮೇಲೆ ಅದು ಬೆಂಗಳೂರಿಗೂ ಹೋಯಿತು. ಅಲ್ಲಿ ಸಂಶೋಧಕರು ಮನೆಮನೆ ಲೆಕ್ಕ ಹಾಕಿ ನೋಡಿದರೆ ಅಂಥಾ ಲಾಭವೇನೂ ಕಾಣಲಿಲ್ಲ. ಯಾಕೆ ಅಂದರೆ ವಾಲ್ವ್‌ಮ್ಯಾನ್‌ಗಳು ಎಲ್ಲಾ ಸಲ ಸರಿಯಾಗಿ ತಿಳಿಸುತ್ತಿರಲಿಲ್ಲ. ಇನ್ನು ಕೆಲವು ಮನೆಗಳಲ್ಲಿ ಮೆಸೇಜ್ ಹೋಗುವ ಫೋನು ಒಬ್ಬರ ಜೇಬಲ್ಲಿ, ನೀರಿಗೆ ಕಾಯುವವರು ಇನ್ನೊಬ್ಬರು.

ಅದಕ್ಕೆ ಹೇಳುವುದು ಮೇಡಂ, ಗ್ರೂಪ್ ಎಷ್ಟು ಚೆಂದ ಮಾಡಿದರೂ ನಿಮ್ಮ ವಾಟರ್‌ಮ್ಯಾನ್ ಮನಸ್ಸು ಮಾಡದೆ ಏನೂ ನಡೆಯುವುದಿಲ್ಲ. ಮೊದಲು ಅವರ ಜೊತೆ ಕೂತು ಚಹಾ ಕುಡಿಯಿರಿ.

ಮೂರನೇ ಬೀದಿ ಮೆಂಬರ್

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ವಾಟರ್‌ಮ್ಯಾನ್ ಹೊರಗುತ್ತಿಗೆಯವರು. ಅವರಿಗೆ ದಿನಕ್ಕೆ ಅದೆಷ್ಟು ಫೋನ್ ಬರುತ್ತೋ. "ನೀವು ವಾಲ್ವ್ ತಿರುಗಿಸಿದಾಗ ನನಗೊಂದು ಮಿಸ್ಡ್ ಕಾಲ್ ಕೊಡಿ, ಜನಕ್ಕೆ ನಾನು ಹೇಳುತ್ತೇನೆ, ನಿಮಗೆ ಬರುವ ಫೋನ್ ಕಮ್ಮಿ ಆಗುತ್ತೆ" ಅಂತ ಕೇಳಿ ನೋಡುತ್ತೇನೆ. ಕರೆಂಟ್ ಹೋಗಿ ಪಂಪ್ ನಿಂತರೂ ತಿಳಿಸಲಿ.

ಬೆಂಗಳೂರು ಬಾಡಿಗೆದಾರ

ನಿಮ್ಮ ಊರಿನವರು ಪುಣ್ಯವಂತರು, ಬೈಯಲಿಕ್ಕಾದರೂ ಒಬ್ಬ ಮೆಂಬರ್ ಇದ್ದಾರೆ. ಬಿಬಿಎಂಪಿಗೆ ಕೊನೇ ಚುನಾವಣೆ ಆದದ್ದು 2015ರಲ್ಲಿ. 198 ವಾರ್ಡ್ ಇತ್ತು. 2020ರ ಸೆಪ್ಟೆಂಬರ್ 10ಕ್ಕೆ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂತು. ನಮ್ಮ ಮನೆ ಯಾವ ಪಾಲಿಕೆಗೆ ಬಂತು ಅಂತ ನಾನೇ ಮ್ಯಾಪ್ ತೆಗೆದು ಹುಡುಕಿದೆ. ಯಾರೂ ಬಂದು ಹೇಳಲಿಲ್ಲ, ಹೇಳುವವರೇ ಇರಲಿಲ್ಲ.

ಆಪ್‌ನಲ್ಲಿ ದೂರು ಹಾಕಿದರೆ ನಂಬರ್ ಬರುತ್ತೆ. ಎರಡು ದಿನಕ್ಕೆ "ಪರಿಹರಿಸಲಾಗಿದೆ" ಅಂತಲೂ ಬರುತ್ತೆ. ಗುಂಡಿ ಅಲ್ಲೇ ಇರುತ್ತೆ. ಮೆಂಬರ್ ಇದ್ದಿದ್ದರೆ ಅವರ ಮನೆ ಹತ್ತಿರ ಹೋಗಿ "ಎಲ್ಲಿ ಪರಿಹಾರ ತೋರಿಸಿ" ಅಂತ ಕೇಳಬಹುದಿತ್ತು.

ಮೇಡಂ, ಬಾಡಿಗೆ ಮನೆಯವರನ್ನೂ ಗ್ರೂಪಿಗೆ ಸೇರಿಸಿ. ನಮ್ಮ ವೋಟು ಊರಲ್ಲಿರುತ್ತೆ ಅಂತ ಸುಮಾರು ಮೆಂಬರುಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಸ ನಾವೂ ಹಾಕುತ್ತೇವೆ, ನೀರು ನಾವೂ ಕುಡಿಯುತ್ತೇವೆ.

ಕಡಲೂರಿನವ

ಮಂಗಳೂರಿನಿಂದ. ಇಲ್ಲಿ ವಾರ್ಡ್ ಸಮಿತಿ ಬೇಕು ಅಂತ ನಾಗರಿಕರು ಹೈಕೋರ್ಟಿಗೇ ಹೋಗಬೇಕಾಯಿತು. 60 ವಾರ್ಡಿಗೂ ಸಮಿತಿ ಆದದ್ದು ಅದರ ನಂತರ. ಕಾನೂನು ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಜನ ಸದಸ್ಯರು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೊಮ್ಮೆ ಕೂರಬೇಕು.

ಸಮಿತಿ ಅಂದ ಕೂಡಲೇ ಎಲ್ಲಾ ಸರಿಹೋಗುತ್ತೆ ಅಂತಲ್ಲ. ಆದರೆ ಒಂದು ಲಾಭ ಇದೆ. ಎಂಜಿನಿಯರ್ ಎದುರಿಗೇ ಕೂತಿರುತ್ತಾರೆ. "ಆ ಕಾಮಗಾರಿ ಎಲ್ಲಿಗೆ ಬಂತು" ಅಂದರೆ ಉತ್ತರ ಕೊಡಲೇಬೇಕು, ಅದು ನಡಾವಳಿಯಲ್ಲಿ ಬರುತ್ತೆ. ವಾಟ್ಸಾಪಿನಲ್ಲಿ ಕೇಳಿದ್ದು ಮೇಲೆ ಮೇಲೆ ಹೋಗಿ ಮಾಯ ಆಗುತ್ತೆ ಮಾರಾಯ್ರೇ.

ಮೂರನೇ ಬೀದಿ ಮೆಂಬರ್

ಇದು ಪುರಸಭೆಗೂ ಇದೆಯಾ?

ನಿವೃತ್ತ ಗುಮಾಸ್ತ

ಸಂವಿಧಾನದ 243ಎಸ್ ಪ್ರಕಾರ ಕಡ್ಡಾಯ ಇರುವುದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ಊರುಗಳಿಗೆ. ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರದ ಊರು. ಆದರೆ ಸಭೆ ಕರೆಯಬೇಡಿ ಅಂತ ಯಾರು ಹೇಳಿದ್ದಾರೆ? ತಿಂಗಳಿಗೊಂದು ಭಾನುವಾರ ಸಮುದಾಯ ಭವನದಲ್ಲಿ ಕೂರಿಸಿ. ನೀರು ವಿಭಾಗದವರನ್ನೂ ಆರೋಗ್ಯ ನಿರೀಕ್ಷಕರನ್ನೂ ಬರಹೇಳಿ. ಭಾನುವಾರ ಅವರು ಬರದಿದ್ದರೆ ಶನಿವಾರ ಸಂಜೆ ಇಡಿ. ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಿ. ಶಾಮಿಯಾನ, ಶಾಲು, ಹಾರ ಬೇಡ. ಅವು ಬಂದರೆ ಅರ್ಧ ಗಂಟೆ ಅದಕ್ಕೇ ಹೋಯಿತು.

ಬೀದಿ ಟೀಚರ್

ನಿಮ್ಮ ಯಜಮಾನರ ಫೋನಿನ ವಿಷಯ. ಮೆಸೇಜನ್ನು ನಿಮ್ಮ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಹಾಕಿ. ಓದಲು ಬಾರದ ಅಜ್ಜಿಯರೂ ಕೇಳುತ್ತಾರೆ, ಮೆಂಬರ್ ಯಾರು ಅಂತಲೂ ಊರಿಗೆ ಗೊತ್ತಾಗುತ್ತೆ. ನಿಮ್ಮವರಿಗೂ ಹೇಳಿ, "ಮೆಂಬರ್ ನಂಬರ್ ಇದು, ಅವರಿಗೇ ಮಾಡಿ" ಅಂತ ಹೇಳಿ ಫೋನ್ ಇಡಲಿ. ಒಂದೆರಡು ತಿಂಗಳು ಜನ ಮುನಿಸಿಕೊಳ್ಳಬಹುದು. ಆಮೇಲೆ ರೂಢಿ ಆಗುತ್ತೆ.

ಇನ್ನೊಂದು. ಗ್ರೂಪಲ್ಲಿ ನಂಬರ್ ಎಲ್ಲರಿಗೂ ಕಾಣುತ್ತೆ ಅಂತ ನಮ್ಮ ಬೀದಿಯ ಎಷ್ಟೋ ಹೆಣ್ಣುಮಕ್ಕಳು ಸೇರುವುದೇ ಇಲ್ಲ. ವಾಟ್ಸಾಪ್ ಚಾನೆಲ್ ಮಾಡಿದರೆ ನಂಬರ್ ಬೇರೆಯವರಿಗೆ ಕಾಣುವುದಿಲ್ಲ, ಶುಭೋದಯದ ಕಾಟವೂ ಇಲ್ಲ. ಪ್ರಶ್ನೆ ಕೇಳುವವರು ನೇರ ನಿಮಗೆ ಬರೆಯಲಿ.

ಮೋರಿ ಪಕ್ಕದ ಮನೆ

ಫೋನ್ ಇಲ್ಲದವರಿಗೆ ಕಾಗದ. ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಅಂಗನವಾಡಿ, ಮೂರು ಕಡೆ ಅಂಟಿಸಿ. ದೊಡ್ಡ ಅಕ್ಷರ. ಫೋಟೋ ಬೇಡ!

ಮೂರನೇ ಬೀದಿ ಮೆಂಬರ್

ಎಲ್ಲಾ ಓದಿದೆ. ಚಾನೆಲ್ ಮಾಡುವುದು ಅಂತ ತೀರ್ಮಾನಿಸಿದೆ. ಹಳೇ ಗ್ರೂಪ್ ಹುಡುಗರಿಗೇ ಬಿಡುತ್ತೇನೆ, ಹುಟ್ಟುಹಬ್ಬ ಅಲ್ಲಿ ನಡೆಯಲಿ. ಮೊದಲ ಮೆಸೇಜ್ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಸನ್ಮಾನ್ಯ ವಾರ್ಡಿನ ಬಂಧುಗಳ ಗಮನಕ್ಕೆ. ದಿನಾಂಕ 12ರ ಬುಧವಾರದಂದು ನಮ್ಮ ವಾರ್ಡಿನಲ್ಲಿ ಪೈಪ್‌ಲೈನ್ ದುರಸ್ತಿ ಕಾಮಗಾರಿಯನ್ನು ಕೈಗೊಳ್ಳಲಾಗುವುದರಿಂದ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ."

ಬೀದಿ ಟೀಚರ್

ಇದನ್ನು ಪುರಸಭೆ ಗುಮಾಸ್ತರು ಬರೆದ ಹಾಗಿದೆ. (ನಮ್ಮ ಗುಮಾಸ್ತರು ಕ್ಷಮಿಸಬೇಕು.) "ವ್ಯತ್ಯಯ" ಅಂದರೆ ನೀರು ಬರುತ್ತಾ ಬರಲ್ವಾ? ಯಾವ ಬೀದಿಗೆ? ಮತ್ತೆ ಯಾವಾಗ ಬರುತ್ತೆ?

ನಿವೃತ್ತ ಗುಮಾಸ್ತ

ಕ್ಷಮಿಸಿದ್ದೇನೆ. ಅಂಥಾವು ನಾನೇ ಸಾವಿರ ಬರೆದಿರಬಹುದು. ಹೀಗೆ ಮಾಡಿ ಅಮ್ಮಾ:

"ಬುಧವಾರ, 12ನೇ ತಾರೀಖು. ಮಾರಮ್ಮನ ಗುಡಿ ಬೀದಿ ಮತ್ತು ಅದರ ಎರಡು ಅಡ್ಡರಸ್ತೆಗೆ ನೀರು ಬರುವುದಿಲ್ಲ. ಪೈಪು ಒಡೆದಿದೆ, ರಿಪೇರಿ ಇದೆ. ಮಂಗಳವಾರ ಸಂಜೆ 5ರಿಂದ 7ರವರೆಗೆ ಜಾಸ್ತಿ ಹೊತ್ತು ಬಿಡುತ್ತಾರೆ, ಹಿಡಿದಿಟ್ಟುಕೊಳ್ಳಿ. ಗುರುವಾರ ಬೆಳಿಗ್ಗೆ ಬರಬೇಕು. ಬರದಿದ್ದರೆ 9 ಗಂಟೆಗೆ ಇಲ್ಲೇ ತಿಳಿಸುತ್ತೇನೆ, ಟ್ಯಾಂಕರ್ ಕಳಿಸುತ್ತೇವೆ. ಉಳಿದ ಬೀದಿಗಳಿಗೆ ಎಂದಿನಂತೆ."

ಟ್ಯಾಂಕರ್ ಮಾತು ಹಾಕುವ ಮುಂಚೆ ಮುಖ್ಯಾಧಿಕಾರಿಗಳನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಪುರಸಭೆ ಸೀಲು, ಲಾಂಛನ ಬಳಸಬೇಡಿ, ಇದು ನಿಮ್ಮ ಮೆಸೇಜ್, ಕಚೇರಿ ಆದೇಶ ಅಲ್ಲ. ಚುನಾವಣೆ ನೀತಿ ಸಂಹಿತೆ ಜಾರಿಯಾದರೆ ಹೊಸ ಕಾಮಗಾರಿ ಘೋಷಣೆ ಗಿಷಣೆ ಯಾವುದೂ ಬೇಡ.

ಸುಮ್ನೆ ನೋಡುವವ

ಗುರುವಾರ 9 ಗಂಟೆಗೆ ನಿಜವಾಗಲೂ ತಿಳಿಸಿದರೆ ನನ್ನ ಮಾತು ವಾಪಸ್ ತಗೋತೀನಿ. ನಿಮ್ಮ ವಾರ್ಡಿನವನಲ್ಲ, ಆದರೂ ಕಾಯುತ್ತೇನೆ.

ಹಳ್ಳಿ ಪದವೀಧರ

ತಡವಾಗಿ ಬಂದೆ. ನಮ್ಮದು ಗ್ರಾಮ ಪಂಚಾಯಿತಿ. ಇದೆಲ್ಲ ನಮಗೂ ಹೊಂದುತ್ತಾ?

ನಿವೃತ್ತ ಗುಮಾಸ್ತ

ನಿಮಗೆ ನಮಗಿಂತ ಒಳ್ಳೇ ಕಾನೂನು ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಎರಡನ್ನೂ ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಅಂತಲೇ ಇದೆ. ನಿಮ್ಮ ವಾರ್ಡ್ ಸಭೆ ಕೊನೇ ಸಲ ಯಾವಾಗ ಆಯಿತು, ಯಾರ್ಯಾರು ಸಹಿ ಹಾಕಿದ್ದಾರೆ ಅಂತ ಪಿಡಿಒ ಹತ್ತಿರ ನಡಾವಳಿ ಕೇಳಿ ನೋಡಿ.

ಹಳ್ಳಿ ಪದವೀಧರ

ಸೋಮವಾರ ಹೋಗಿ ಕೇಳುತ್ತೇನೆ. ನಮ್ಮಪ್ಪನ ಸಹಿಯೂ ಅದರಲ್ಲಿ ಇರಬಹುದು, ಸಭೆ ನಡೆದದ್ದು ಅವರಿಗೂ ಗೊತ್ತಿಲ್ಲ.